ಹೊಂಡದ ಗೋಡೆಯಲ್ಲಿ ಪದರ ಮುರಿದಿದೆ: ಇದು ಭೂಕಂಪದ ಸ್ತರಭಂಗವೋ, ಅಡಿಯ ಸುಣ್ಣಕಲ್ಲಿನ ಕುಸಿತವೋ?

ತೋಟದ ಮೂಲೆ (ಭಾನುವಾರ, ರಾತ್ರಿ 8.40)

ಎಲ್ಲರಿಗೂ ನಮಸ್ಕಾರ. ಯಾಣದ ಆಸುಪಾಸಿನಲ್ಲಿ ನಮ್ಮ ಅಡಿಕೆ ತೋಟವಿದೆ. ಬೇಸಿಗೆಯಲ್ಲಿ ನೀರು ಸಾಲದೆ ಈ ಸಲ ತೋಟದ ಕೆಳಮೂಲೆಯಲ್ಲಿ ಕೃಷಿ ಹೊಂಡ ತೆಗೆಸಲು ಹೊರಟೆವು. ನಲವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ. ಜೆಸಿಬಿ ಎರಡು ದಿನ ಅಗೆದು ಹದಿಮೂರು ಅಡಿ ಇಳಿದ ಮೇಲೆ ಪೂರ್ವದ ಗೋಡೆಯಲ್ಲಿ ಒಂದು ವಿಚಿತ್ರ ಕಂಡಿತು.

ಮೇಲೆ ಕಂದು ಮಣ್ಣು, ಅದರ ಕೆಳಗೆ ಎಲೆ ಕೊಳೆತ ವಾಸನೆಯ ಕಪ್ಪು ಜೇಡಿ, ಅದರ ಕೆಳಗೆ ಹಳ್ಳದ ಉರುಟು ಕಲ್ಲುಗಳ ಒಂದು ಪಟ್ಟಿ, ತಳದಲ್ಲಿ ಕೆಂಪು ಮಣ್ಣು. ಉರುಟು ಕಲ್ಲಿನ ಪಟ್ಟಿ ಗೆರೆ ಎಳೆದಂತೆ ಸಮವಾಗಿ ಬರುತ್ತಾ ಒಂದು ಕಡೆ ತಟ್ಟನೆ ಕತ್ತರಿಸಿಹೋಗಿ, ಎರಡು ಗೇಣು ಕೆಳಗೆ ಮತ್ತೆ ಶುರುವಾಗುತ್ತದೆ. ಕತ್ತರಿಸಿದ ಜಾಗದಲ್ಲಿ ನುಣುಪಾದ ಓರೆ ಗೆರೆ. ಕೆಲಸಕ್ಕೆ ಬಂದಿದ್ದ ಹುಡುಗ ಅದರ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಹಾಕಿದ್ದಾನೆ. ಸಂಜೆಯ ಹೊತ್ತಿಗೆ ಅದಕ್ಕೆ ‘ಭೂಕಂಪದ ಬಿರುಕು ಪತ್ತೆ’ ಎಂಬ ಶೀರ್ಷಿಕೆ ಸೇರಿಕೊಂಡು ಸಿರ್ಸಿಯಿಂದ ನನಗೇ ವಾಪಸು ಬಂತು. ಆಯಿ ಊಟ ಬಿಟ್ಟು ಕೂತಿದ್ದಾರೆ. ಹೊಂಡದಿಂದ ನೂರು ಅಡಿ ದೂರದಲ್ಲಿ ಮನೆ ಕಟ್ಟಲು ತಳ ಹಾಕಿಸುವ ಯೋಚನೆ ಇತ್ತು. ತಿಳಿದವರು ದಯವಿಟ್ಟು ಹೇಳಿ.

ಎಂ.ಎಸ್ಸಿ. ಎರಡನೇ ವರ್ಷ, ಕಾರವಾರ (ಭಾನುವಾರ, ರಾತ್ರಿ 9.15)

ಚಿತ್ರ ನೋಡಿದೆ ಅಣ್ಣ. ಪಠ್ಯಪುಸ್ತಕದಲ್ಲಿ ಇರುವಂಥದ್ದೇ ಸ್ತರಭಂಗ. ಒಂದು ಬದಿ ಜಾರಿದೆ, ಪದರ ಮುರಿದಿದೆ, ಜಾರಿದ ಮೇಲ್ಮೈ ನುಣುಪಾಗಿದೆ. 2002ರ ಭೂಕಂಪ ವಲಯ ನಕ್ಷೆಯಲ್ಲಿ ಕಾರವಾರ ಮೂರನೇ ವಲಯದಲ್ಲಿ, ಅಂದರೆ ಮಧ್ಯಮ ಅಪಾಯದ ವಲಯದಲ್ಲಿದೆ. ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂದು ನನ್ನ ಅನಿಸಿಕೆ.

ಗಂಗಾವಳಿ ತೀರ (ಭಾನುವಾರ, ರಾತ್ರಿ 9.50)

ನನಗೆ ಭೂವಿಜ್ಞಾನ ಗೊತ್ತಿಲ್ಲ. ಆದರೆ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಎಳೆದುಕೊಂಡು ಹೋದದ್ದನ್ನು ಹತ್ತಿರದಿಂದ ಕಂಡವನು. ಅಂದಿನಿಂದ ನೆಲದಲ್ಲಿ ಬಿರುಕು ಎಂದರೆ ನನಗೆ ನಿದ್ದೆ ಬರುವುದಿಲ್ಲ. ಹೊಂಡದ ಮೇಲ್ಭಾಗದಲ್ಲಿ ಇಳಿಜಾರು ಇದೆಯೇ? ಗುಡ್ಡ ಜಾರುವ ಮೊದಲೂ ಬಿಲ್ಲಿನಂತೆ ಬಾಗಿದ ಬಿರುಕು ಬರುತ್ತದೆ ಎಂದು ಕೇಳಿದ್ದೇನೆ. ಮೊದಲು ಅದನ್ನು ನೋಡಿ.

ಕಲ್ಲು ಓದುವವನು (ಸೋಮವಾರ, ಬೆಳಿಗ್ಗೆ 6.30)

ತೋಟದವರೇ, ಮೊದಲು ತಾಯಿಯವರಿಗೆ ಊಟ ಮಾಡಲು ಹೇಳಿ. ನಾನು ಕಾರವಾರದವನು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸುಣ್ಣಕಲ್ಲಿನ ನಾಡುಗಳಲ್ಲಿ ನಕ್ಷೆ ಮಾಡಿ ನಿವೃತ್ತನಾದವನು.

ಸ್ತರಭಂಗ ಎಂಬುದು ಒಂದು ಆಕಾರದ ಹೆಸರು. ಪದರ ಮುರಿದು ಒಂದು ಬದಿ ಜಾರಿದರೆ ಅದು ಸ್ತರಭಂಗವೇ, ಎಂ.ಎಸ್ಸಿ. ಓದುವ ತಂಗಿ ಹೇಳಿದ್ದರಲ್ಲಿ ತಪ್ಪಿಲ್ಲ. ಜಾರಿಸಿದ್ದು ಯಾರು ಎನ್ನುವುದು ಬೇರೆ ಪ್ರಶ್ನೆ. ಭೂಮಿಯ ಹೊರಪದರವನ್ನು ಹಿಗ್ಗಿಸುವ, ಅದುಮುವ ಬಲಗಳು ಜಾರಿಸಿರಬಹುದು. ಅಡಿಯಲ್ಲಿ ಸುಣ್ಣಕಲ್ಲೋ ಜಿಪ್ಸಮ್ಮೋ ಉಪ್ಪೋ ಕರಗಿ ಆಸರೆ ತಪ್ಪಿ ಮೇಲಿನ ಮಣ್ಣು ತನ್ನ ಭಾರಕ್ಕೇ ಇಳಿದಿರಬಹುದು. ಗೋಡೆಯ ಒಂದು ಚಿತ್ರದಲ್ಲಿ ಇವೆರಡೂ ಅವಳಿ ಮಕ್ಕಳಂತೆ ಕಾಣುತ್ತವೆ.

ಈ ಗೊಂದಲದಲ್ಲಿ ನಾನೇ ಒಮ್ಮೆ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಗಲಕೋಟೆ ಕಡೆಯ ಒಂದು ಸುಣ್ಣಕಲ್ಲಿನ ಕ್ವಾರಿಯಲ್ಲಿ ಮೇಲಿನ ಮಣ್ಣಿನ ಪದರಗಳು ಎರಡು ಮೀಟರ್ ಮುರಿದು ಇಳಿದದ್ದನ್ನು ಕಂಡೆ. ನಕ್ಷೆಯಲ್ಲಿ ದಪ್ಪ ಕೆಂಪು ಗೆರೆ ಎಳೆದೆ. ಆರು ತಿಂಗಳ ನಂತರ ಕ್ವಾರಿ ಇನ್ನೂ ಆಳಕ್ಕೆ ಹೋಯಿತು. ನನ್ನ ಗೆರೆ ಬರಬೇಕಿದ್ದ ಜಾಗದಲ್ಲಿ ಸುಣ್ಣಕಲ್ಲಿನ ತಲೆಯಲ್ಲಿ ಬಾವಿಯಂಥ ಒಂದು ಪೊಳ್ಳು, ಅದರ ತುಂಬ ಕೆಂಪು ಮಣ್ಣು. ಪೊಳ್ಳಿನ ಕೆಳಗೆ ಕಲ್ಲಿನ ಪದರ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅಂದಿನಿಂದ ಮುರಿದ ಪದರ ಕಂಡರೆ ಕೇಳುವ ಮೊದಲ ಪ್ರಶ್ನೆ ಒಂದೇ: ಈ ಮುರುಕು ಕೆಳಗೆ ಎಲ್ಲಿ ಮುಗಿಯುತ್ತದೆ?

ಭೂಬಲದಿಂದ ಆದ ಸ್ತರಭಂಗ ಮೇಲಿನ ಮಣ್ಣನ್ನು ಮಾತ್ರ ಮುರಿದು ನಿಲ್ಲುವುದಿಲ್ಲ. ಅದರ ಬೇರು ಕೆಳಗಿನ ಗಟ್ಟಿ ಶಿಲೆಯೊಳಗೆ ಹೋಗಿರುತ್ತದೆ. ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಭೀಮಾ ಕೊಳ್ಳದ ಸುಣ್ಣಕಲ್ಲನ್ನು ಹಾದುಹೋಗುವ ಸ್ತರಭಂಗ ಅಡಿಯ ಗ್ರಾನೈಟನ್ನೂ ಸೀಳಿದೆ. ಯುರೇನಿಯಂ ಅದಿರು ಕೂಡಿಕೊಂಡಿರುವುದು ಆ ಜಜ್ಜಿದ ವಲಯದಲ್ಲೇ. ಗ್ರಾನೈಟು ನೀರಿಗೆ ಕರಗಿ ಕುಸಿಯುವ ಶಿಲೆಯಲ್ಲವಾದ್ದರಿಂದ ಅಲ್ಲಿ ಚರ್ಚೆಗೆ ಎಡೆಯಿಲ್ಲ. ಕರಗಿ ಆದ ಕುಸಿತದಲ್ಲಿ ಮುರುಕು ಕರಗಿದ ಜಾಗದವರೆಗೆ ಇಳಿದು ಅಲ್ಲಿಗೆ ಸತ್ತುಹೋಗುತ್ತದೆ. ಅದರ ಕೆಳಗಿನ ಪದರಕ್ಕೆ ಮೇಲೆ ಏನಾಯಿತೆಂಬ ಸುದ್ದಿಯೇ ಇರುವುದಿಲ್ಲ.

ಅಷ್ಟು ಆಳ ಅಗೆಯಲು ನಿಮಗೆ ಆಗದು. ಆದ್ದರಿಂದ ಈ ಕೆಲಸಗಳನ್ನು ಮಾಡಿ ಬರೆಯಿರಿ. ಚಿತ್ರದಲ್ಲಿ ಒಂದೇ ಮುರುಕು ಇದೆ. ಗೋಡೆಯ ಉದ್ದಕ್ಕೂ ನಡೆದು ಆ ಕಲ್ಲಿನ ಪಟ್ಟಿ ಇಳಿದದ್ದು ಇಳಿದೇ ಹೋಯಿತೋ, ಮತ್ತೆಲ್ಲಾದರೂ ಮೇಲೆ ಬಂತೋ ನೋಡಿ. ಎದುರಿನ ಗೋಡೆಯಲ್ಲಿ ಇಳಿದದ್ದು ಯಾವ ಕಡೆಗೆ ನೋಡಿ. ಗಾರೆಯವರ ನೀರುಮಟ್ಟದ ಕೊಳವೆ ತರಿಸಿ ಒಂದೊಂದು ಪದರ ಎಷ್ಟೆಷ್ಟು ಇಳಿದಿದೆ ಎಂದು ಬೇರೆ ಬೇರೆಯಾಗಿ ಅಳೆಯಿರಿ. ಹತ್ತಿರದಲ್ಲಿ ಬೋರ್ ಕೊರೆಸಿದ್ದರೆ ಎಷ್ಟು ಅಡಿಗೆ ಯಾವ ಬಣ್ಣದ ಪುಡಿ ಬಂತು ಎಂದು ಕೇಳಿ.

ಹೊಂಡದೊಳಗೆ ಒಬ್ಬರೇ ಇಳಿಯಬೇಡಿ. ಹದಿಮೂರು ಅಡಿಯ ಹಸಿ ಗೋಡೆಯನ್ನು ನಂಬುವಂತಿಲ್ಲ. ಒಂದೆರಡು ಮೆಟ್ಟಿಲು ಮಾಡಿ ಗೋಡೆಯನ್ನು ಹಿಂದಕ್ಕೆ ಸರಿಸಿದ ಮೇಲೆಯೇ ಇಳಿಯಿರಿ.

ರಸ್ತೆ ಇಂಜಿನಿಯರ್, ಅಂಕೋಲಾ (ಸೋಮವಾರ, ಮಧ್ಯಾಹ್ನ 1.10)

ಸುಣ್ಣಕಲ್ಲಿನ ತನಕ ಹೋಗುವ ಮೊದಲು ಶೇಡಿ ಮಣ್ಣನ್ನು ಮರೆಯಬೇಡಿ ಸರ್. ಕರಾವಳಿಯಲ್ಲಿ ಮಣ್ಣು ಕತ್ತರಿಸಿದವರಿಗೆಲ್ಲ ಇದು ಗೊತ್ತು. ಮೇಲೆ ಗಟ್ಟಿ ಚಿರೆಕಲ್ಲು, ಅದರ ಕೆಳಗೆ ಬಿಳಿಯೋ ಗುಲಾಬಿಯೋ ಬಣ್ಣದ ಶೇಡಿ. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಹೊಕ್ಕರೆ ಹಾಲಿನಂತೆ ಹರಿದುಹೋಗುತ್ತದೆ. ಒಳಗೊಳಗೇ ಕೊಳವೆಯಾಗಿ ಕೊರೆದುಕೊಂಡು ಹೋಗಿ ಒಂದು ದಿನ ಮೇಲಿನ ನೆಲ ಕುಳಿತುಬಿಡುತ್ತದೆ. ಕಾಸರಗೋಡು, ಕಣ್ಣೂರಿನ ಕಡೆ ಇಂಥ ಮಣ್ಣಿನ ಸುರಂಗಗಳು ದೊಡ್ಡ ತೊಂದರೆಯೇ ಆಗಿವೆ. ಸುಣ್ಣಕಲ್ಲು ಒಂದು ಚೂರೂ ಇಲ್ಲದ ಕಡೆ ಆಗುವ ಕುಸಿತ ಅದು. ಭೂಕಂಪ, ಸುಣ್ಣಕಲ್ಲು ಎರಡೂ ಬೇಡದೆ ಪದರ ಮುರಿಯಬಹುದು.

ಕಲ್ಲು ಓದುವವನು (ಸೋಮವಾರ, ಮಧ್ಯಾಹ್ನ 2.05)

ಬಹಳ ಸರಿಯಾದ ಮಾತು. ಶೇಡಿಯ ಸುರಂಗವಾದರೆ ಮಣ್ಣು ಎಲ್ಲಿಗಾದರೂ ಹೊರಬೀಳಲೇಬೇಕು, ಬಾಯಿ ಇಲ್ಲದ ಸುರಂಗ ಇರುವುದಿಲ್ಲ. ತೋಟದವರೇ, ಕೆಳಗಿನ ಹಳ್ಳದ ದಂಡೆಯಲ್ಲಿ ಒರತೆ ಇದ್ದರೆ ಮಳೆ ಬಿದ್ದ ಮರುದಿನ ಅದರ ನೀರು ತಿಳಿಯೋ ಕೆಂಪೋ ಎಂದು ನೆನಪು ಮಾಡಿಕೊಳ್ಳಿ.

ಗಂಗಾವಳಿ ತೀರದವರ ಭಯವನ್ನೂ ಪಕ್ಕಕ್ಕೆ ಇಡಬಾರದು. ಗುಡ್ಡ ಜಾರಿದರೆ ಮೇಲಿನ ಬಿರುಕು ಬಿಲ್ಲಿನಂತೆ ಬಾಗಿದ್ದರೂ ಇಳಿಜಾರಿನ ಕಡೆಗೆ ಬಾಯಿ ತೆರೆದಿರುತ್ತದೆ, ಕೆಳಗಡೆ ಜಾರಿಬಂದ ಮಣ್ಣು ಉಬ್ಬಿ ನಿಂತಿರುತ್ತದೆ. ಕುಸಿತದಲ್ಲಿ ಸುತ್ತು ಪೂರ್ತಿಯಾಗುತ್ತದೆ, ಉಬ್ಬು ಎಲ್ಲೂ ಇರುವುದಿಲ್ಲ. ನೆಲದಿಂದ ಏನೋ ಕಳೆದುಹೋಗಿದೆ, ಯಾವ ಬದಿಗೂ ಅದು ಸೇರಿಲ್ಲ. ಈ ಲೆಕ್ಕ ತಪ್ಪುವುದಿಲ್ಲ.

ಬೋರ್ ಲಾರಿ, ಸಿರ್ಸಿ (ಸೋಮವಾರ, ಸಂಜೆ 7.30)

ಆ ಕಡೆ ನಾವು ಕೊರೆದಿದ್ದೇವೆ. ಒಂದು ಬೋರಿನಲ್ಲಿ ಐವತ್ತು ಅಡಿಗೆ ಬೂದು ಕಲ್ಲು, ಇನ್ನೂರು ಅಡಿ ಆಚೆ ಅದೇ ಬೋರಿನವರ ಅಣ್ಣನ ಜಾಗದಲ್ಲಿ ಕಪ್ಪು ಹಾಳೆಗಲ್ಲು. ಬೂದು ಕಲ್ಲು ಬಂದ ಕಡೆ ಒಮ್ಮೊಮ್ಮೆ ರಾಡು ಕೈ ತಪ್ಪಿದಂತೆ ಜಾರುತ್ತದೆ. ಕೊರೆಯುವಾಗ ಒಳಗೆ ಬಿಟ್ಟ ಗಾಳಿ ಹೊರಗೆ ಬರುವುದೇ ನಿಲ್ಲುತ್ತದೆ. ಒಳಗೆ ಪೊಳ್ಳು ಇದೆ ಎಂದು ನಮಗೆ ಆಗಲೇ ತಿಳಿಯುತ್ತದೆ. ನೀರು ಸಿಕ್ಕರೆ ಯಥೇಚ್ಛ, ಸಿಗದಿದ್ದರೆ ಹನಿಯೂ ಇಲ್ಲ.

ತೋಟದ ಮೂಲೆ (ಬುಧವಾರ, ರಾತ್ರಿ 9.00)

ಎರಡು ದಿನ ಕೂಲಿಯವರೊಂದಿಗೆ ನಿಂತು ಮಾಡಿಸಿದೆ. ನೋಡಿದ್ದನ್ನು ನೋಡಿದಂತೆ ಬರೆಯುತ್ತೇನೆ.

ಪೂರ್ವದ ಗೋಡೆಯಲ್ಲಿ ದಕ್ಷಿಣದ ಕಡೆ ಇಳಿದ ಕಲ್ಲಿನ ಪಟ್ಟಿ ತೊಟ್ಟಿಲಿನಂತೆ ಬಾಗಿ, ಉತ್ತರದ ತುದಿಯಲ್ಲಿ ಇನ್ನೊಂದು ಮುರುಕಿನ ಹತ್ತಿರ ಮತ್ತೆ ಮೇಲೆ ಬಂದಿದೆ. ಆಚೆ ಈಚೆ ಎರಡೂ ಕಡೆಯ ಪಟ್ಟಿ ಕೊಳವೆಯ ಮಟ್ಟದಲ್ಲಿ ಒಂದೇ ಎತ್ತರ, ಬೆರಳಿನಷ್ಟೂ ವ್ಯತ್ಯಾಸವಿಲ್ಲ. ನಡುವಿನದು ಮಾತ್ರ ಇಳಿದಿದೆ. ಎದುರಿನ ಗೋಡೆಯಲ್ಲೂ ಹೀಗೆಯೇ, ಆದರೆ ಅಲ್ಲಿ ಎರಡು ಮುರುಕುಗಳ ನಡುವಿನ ಅಂತರ ಕಡಿಮೆ.

ಕಲ್ಲಿನ ಪಟ್ಟಿ ಇಳಿದದ್ದು 45 ಸೆಂಟಿಮೀಟರ್. ಅದರ ಮೇಲಿನ ಕಪ್ಪು ಜೇಡಿಯ ನಡುವೆ ಇದ್ದಿಲ ಚೂರುಗಳ ಒಂದು ತೆಳು ಗೆರೆ ಇದೆ, ಅದು ಇಳಿದದ್ದು 20 ಮಾತ್ರ. ಮೇಲಿನ ಕಂದು ಮಣ್ಣು ಸ್ವಲ್ಪವೂ ಮುರಿದಿಲ್ಲ. ಕಪ್ಪು ಜೇಡಿ ಅಂಚಿನಲ್ಲಿ 15 ಸೆಂಟಿಮೀಟರ್ ದಪ್ಪ, ನಡುವೆ 70.

ಮೆಟ್ಟಿಲು ಕತ್ತರಿಸುವಾಗ ಇನ್ನೊಂದು ಕಂಡಿತು. ಹೊಂಡದ ತಳವನ್ನು ಸವರಿ ಸಮ ಮಾಡಿದೆವು. ನಡುವೆ ಕಪ್ಪು ಜೇಡಿಯ ಒಂದು ದುಂಡನೆಯ ತೇಪೆ, ಅದರ ಸುತ್ತ ಉರುಟು ಕಲ್ಲಿನ ಉಂಗುರ, ಅದರ ಆಚೆ ಕೆಂಪು ಮಣ್ಣು. ಬಾಳೆಲೆಯ ಮೇಲೆ ಅನ್ನ ಬಡಿಸಿ ನಡುವೆ ಸಾರಿಗೆ ಗುಳಿ ಮಾಡಿದಂತೆ. ಅಡ್ಡಳತೆ ಸುಮಾರು ಇಪ್ಪತ್ತೆಂಟು ಅಡಿ.

ನಲವತ್ತು ಮೀಟರ್ ಆಚೆಗಿನ ನಮ್ಮ ಬೋರಿನಲ್ಲಿ 52 ಅಡಿಗೆ ಬೂದು ಕಲ್ಲು, 85 ಅಡಿಯಲ್ಲಿ ರಾಡು ಮೂರು ಅಡಿ ಜಾರಿತ್ತು. ಅಪ್ಪಯ್ಯ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅಂದಿನ ಪುಡಿ ಇನ್ನೂ ಬೋರಿನ ಬುಡದಲ್ಲಿ ಬಿದ್ದಿದೆ. ಕಾಲೇಜಿನಲ್ಲಿ ಓದುವ ತಮ್ಮ ಪ್ರಯೋಗಶಾಲೆಯಿಂದ ಆಮ್ಲ ತಂದು ಹನಿ ಹಾಕಿದ. ಬುಸುಬುಸು ನೊರೆ ಬಂತು, ಸುಣ್ಣಕಲ್ಲಿಗೆ ಹಾಗೆ ಬರುತ್ತದಂತೆ.

ಆಯಿ ಇನ್ನೊಂದು ಮಾತು ಹೇಳಿದರು. ಬೋರಿನ ನೀರು ಕಾಯಿಸುವ ಬಚ್ಚಲ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಹಳ್ಳದ ನೀರು ಕಾಯಿಸುತ್ತಿದ್ದ ಕಾಲದಲ್ಲಿ ಕಟ್ಟುತ್ತಿರಲಿಲ್ಲವಂತೆ. ಒರತೆಯ ವಿಷಯ: ಬೇಸಿಗೆಯಲ್ಲಿ ಕನ್ನಡಿಯಂತೆ ತಿಳಿ, ಜೋರು ಮಳೆ ಬಿದ್ದ ಮರುದಿನ ಮಾತ್ರ ಕೆಂಪು.

ಎಂ.ಎಸ್ಸಿ. ಎರಡನೇ ವರ್ಷ, ಕಾರವಾರ (ಬುಧವಾರ, ರಾತ್ರಿ 10.20)

ಸರ್, ಹೊಸ ಚಿತ್ರಗಳಲ್ಲಿ ಉತ್ತರದ ಮುರುಕು ಹೊರಗಡೆಗೆ ಓರೆಯಾಗಿದೆ. ಹೊರಗಿನ ಮಣ್ಣು ಒಳಗಿನದರ ಮೇಲೆ ಏರಿ ನಿಂತಂತೆ ಕಾಣುತ್ತದೆ. ಇದು ಹಿಮ್ಮುಖ ಸ್ತರಭಂಗ. ಹಿಮ್ಮುಖವೆಂದರೆ ನೆಲ ಅದುಮಿಸಿಕೊಂಡಿದೆ ಎಂದು ಓದಿದ್ದೇವೆ. ಕರಗಿ ಕುಸಿದ ನೆಲದಲ್ಲಿ ಅದುಮುವ ಬಲ ಎಲ್ಲಿಂದ ಬಂತು? ಇನ್ನೊಂದು ಅನುಮಾನ: ಯಾಣದ ಬಂಡೆಗಳೇ ಸೀಳುಗಳ ಸಾಲಿನಲ್ಲಿ ನಿಂತಿವೆ. ಈ ಕುಸಿತವೂ ಆ ಸಾಲಿನ ಮೇಲೇ ಇದ್ದರೆ ಅಡಿಯಲ್ಲಿ ಇನ್ನೂ ಅಲುಗುವ ಜೀವಂತ ಸ್ತರಭಂಗ ಇದೆ ಎಂದಾಗುವುದಿಲ್ಲವೇ?

ಕಲ್ಲು ಓದುವವನು (ಗುರುವಾರ, ಬೆಳಿಗ್ಗೆ 7.45)

ತೋಟದವರೇ, ನಿಮ್ಮ ಅಳತೆ ಓದಿ ಮನಸ್ಸು ತುಂಬಿತು. ವರ್ಷಗಟ್ಟಲೆ ಓದಿದವರೂ ಇಷ್ಟು ನಿಷ್ಠೆಯಿಂದ ಬರೆಯುವುದಿಲ್ಲ. ನಿಮ್ಮ ತಾಯಿಯವರ ಹಂಡೆಯ ಪೊರೆ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಯಿತು. ಚಿರೆಕಲ್ಲಿನ ನೆಲದ ನೀರು ಮೆದು, ಅದರಲ್ಲಿ ಪೊರೆ ಕಟ್ಟುವಷ್ಟು ಸುಣ್ಣವಿರುವುದಿಲ್ಲ. ಹಂಡೆಗೆ ಅಂಟಿದ್ದು ನಿಮ್ಮ ನೆಲದ ಅಡಿಯಿಂದ ಕರಗಿ ಬಂದ ಕಲ್ಲು.

ತಂಗಿ, ಹಿಮ್ಮುಖ ಮುರುಕಿನ ಪ್ರಶ್ನೆ ಮೊದಲು. ಪೊಳ್ಳಿನ ಚಾವಣಿ ಕುಸಿಯುವಾಗ ನಡುವಿನ ತುಂಡು ಬಿರಡೆಯಂತೆ ನೇರ ಕೆಳಗೆ ಇಳಿಯುತ್ತದೆ. ಆ ಬಿರಡೆ ಮೇಲೆ ಕಿರಿದು, ಕೆಳಗೆ ಅಗಲ. ಆದ್ದರಿಂದ ಅದರ ಅಂಚಿನ ಮುರುಕುಗಳು ಹೊರಗಡೆಗೆ ಓರೆಯಾಗಿ ಹಿಮ್ಮುಖದ ವೇಷ ಹಾಕುತ್ತವೆ. ಆಮೇಲೆ ಸುತ್ತಲಿನ ಮಣ್ಣು ಆಸರೆ ತಪ್ಪಿ ಒಳಕ್ಕೆ ಜಾರುವಾಗ ‘ಸಾಮಾನ್ಯ’ ಮುರುಕುಗಳು, ಅಂದರೆ ನೆಲ ಹಿಗ್ಗಿದಾಗ ಆಗುವಂಥವು, ಹುಟ್ಟುತ್ತವೆ. ಇಪ್ಪತ್ತೆಂಟು ಅಡಿಯ ಒಳಗೆ ದಕ್ಷಿಣದಲ್ಲಿ ನೆಲ ಹಿಗ್ಗಿ ಉತ್ತರದಲ್ಲಿ ಅದುಮಿಸಿಕೊಂಡಿದೆ ಎಂದರೆ ಯಾವ ಭೂಬಲವೂ ಅದಕ್ಕೆ ಹೊಂದುವುದಿಲ್ಲ. ಭೂಬಲ ಒಂದು ಸೀಮೆಗೆಲ್ಲ ಒಂದು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಇಲ್ಲಿ ಎಲ್ಲ ಬದಿಯ ಮಣ್ಣೂ ಒಂದೇ ನಡುಬಿಂದುವಿನತ್ತ ಹೋಗಿದೆ, ದಿಕ್ಕು ಕೊಟ್ಟದ್ದು ಗುರುತ್ವ.

ಇನ್ನು ಉದ್ದ ಮತ್ತು ಇಳಿತದ ಲೆಕ್ಕ. 1994ರಲ್ಲಿ ವೆಲ್ಸ್ ಮತ್ತು ಕಾಪರ್‌ಸ್ಮಿತ್ ಜಗತ್ತಿನ ಭೂಕಂಪಗಳ ಅಳತೆಗಳನ್ನು ಒಟ್ಟುಗೂಡಿಸಿ ಈ ಸಂಬಂಧವನ್ನು ತೋರಿಸಿದರು. ನೆಲವನ್ನು ಮೇಲಿನವರೆಗೆ ಸೀಳಲು ಸಾಮಾನ್ಯವಾಗಿ ಆರರ ಆಸುಪಾಸಿನ ತೀವ್ರತೆಯಾದರೂ ಬೇಕು. ಒಂದೇ ಏಟಿಗೆ ಅರ್ಧ ಮೀಟರಿನ ಹತ್ತಿರ ಇಳಿಯಬೇಕಾದರೆ ಸೀಳು ಕಿಲೋಮೀಟರುಗಟ್ಟಲೆ ಓಡಿರಬೇಕು. ಭೂಕಂಪದ ಗುರುತು ಎಂದರೆ ಕಚ್ಛದ ಅಲ್ಲಾಬಂದ್, 1819ರ ಕಂಪನದಲ್ಲಿ ಎದ್ದು ಹತ್ತಾರು ಕಿಲೋಮೀಟರ್ ಉದ್ದಕ್ಕೆ ಮಲಗಿರುವ ದಿಬ್ಬ. ನಿಮ್ಮ ಮುರುಕು ಪಕ್ಕದ ಅಡಿಕೆ ಸಾಲನ್ನೂ ಮುಟ್ಟಿಲ್ಲ. ಇಷ್ಟು ಗಿಡ್ಡ ಗೆರೆಗೆ ಇಷ್ಟು ದೊಡ್ಡ ಇಳಿತ ಕಂಡರೆ ಅಡಿಯಲ್ಲಿ ಪೊಳ್ಳು ಹುಡುಕಬೇಕು.

ಕಪ್ಪು ಜೇಡಿಯ ದಪ್ಪ ಇಡೀ ಕಥೆಯನ್ನು ಹೇಳುತ್ತಿದೆ. ನೆಲ ತಗ್ಗಾಯಿತು, ತಗ್ಗಿನಲ್ಲಿ ನೀರು ನಿಂತಿತು, ಎಲೆ ಕೊಳೆಯಿತು, ಜೇಡಿ ಕೂತಿತು. ಕೂರುತ್ತಿದ್ದಾಗಲೇ ನೆಲ ಇನ್ನಷ್ಟು ಇಳಿಯಿತು. ಆದ್ದರಿಂದಲೇ ಹಳೆಯ ಕಲ್ಲಿನ ಪಟ್ಟಿ 45, ಅದಕ್ಕಿಂತ ಹೊಸತಾದ ಇದ್ದಿಲ ಗೆರೆ 20. ಇದೊಂದನ್ನೇ ಹಿಡಿದು ತೀರ್ಪು ಕೊಡಬಾರದು, ಏಕೆಂದರೆ ಮತ್ತೆ ಮತ್ತೆ ಅಲುಗುವ ನಿಜವಾದ ಸ್ತರಭಂಗದ ಪಕ್ಕದಲ್ಲೂ ಪದರ ಹೀಗೆ ದಪ್ಪವಾಗುತ್ತದೆ. ಆದರೆ ಅಲ್ಲಿ ಅದು ಗೆರೆಯ ಉದ್ದಕ್ಕೂ ಬೆಣೆಯಂತೆ ದಪ್ಪವಾಗುತ್ತದೆ, ಇಲ್ಲಿ ಬಟ್ಟಲಿನಂತೆ. ನೀವು ನೆಲ ಸವರಿ ನೋಡಿದ ಉಂಗುರ ಆ ಬಟ್ಟಲಿನ ಅಡ್ಡಕೊಯ್ತ.

ಸ್ಪೇನಿನಲ್ಲಿ ಎಬ್ರೊ ನದಿಯ ದಂಡೆಯ ಸರಗೋಸಾ ನಗರದ ಸುತ್ತ ಇದು ಬಹು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಲ್ಲಿನ ನೆಲದಡಿ ಜಿಪ್ಸಂ, ಉಪ್ಪು. ನದಿ ಜಲ್ಲಿ ಹಾಸುತ್ತಾ ಹೋದಂತೆ ಅಡಿ ಕರಗುತ್ತಾ ಹೋಗಿ, ಕೆಲವು ಕಡೆ ಜಲ್ಲಿಯ ದಪ್ಪ ನೂರು ಮೀಟರನ್ನೂ ಮೀರಿದೆ. ಅಲ್ಲಿನ ಫ್ರಾನ್ಸಿಸ್ಕೊ ಗುಟಿಯೆರೆಸ್ ಮತ್ತು ಸಂಗಡಿಗರು ಕುಸಿತಗಳ ಮೇಲೆಯೇ ಕಂದಕ ತೋಡಿ, ಭೂಕಂಪದ ಇತಿಹಾಸ ಓದುವ ವಿಧಾನವನ್ನು ಕುಸಿತದ ಇತಿಹಾಸ ಓದಲು ಬಳಸಿದರು. ಅವರ ಕೆಲಸದಿಂದ ನಾನು ಕಲಿತ ಮುಖ್ಯ ಪಾಠವೆಂದರೆ, ಕುಸಿತವೂ ನಿಧಾನವಾಗಿಯೇ ನಡೆಯಬೇಕೆಂದಿಲ್ಲ, ಭೂಕಂಪದಂತೆ ತಡೆತಡೆದು ಒಮ್ಮೆಲೇ ಇಳಿಯಬಲ್ಲದು. ಹಾಗಾಗಿ ಒಮ್ಮೆಲೇ ಇಳಿದಾಗ ಮುರುಕಿನ ಬುಡದಲ್ಲಿ ಉದುರುವ ಮಣ್ಣಿನ ಬೆಣೆ ಕಂಡಿತೆಂದು ‘ಇದು ಭೂಕಂಪ’ ಎನ್ನುವಂತಿಲ್ಲ.

ಸಾಲಿನ ಪ್ರಶ್ನೆ ಬಹಳ ಮುಖ್ಯವಾದದ್ದು. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರಕ್ಕೆ ನಿಂತಿರುವುದು ಧಾರವಾಡ ಶಿಲಾಸಮೂಹದ ಸುಣ್ಣಕಲ್ಲಿನಲ್ಲಿ. ಅದರ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅಷ್ಟು ಹಳೆಯ ಶಿಲೆಯಲ್ಲಿ ಸೀಳುಗಳು ಇಲ್ಲದಿದ್ದರೇ ಆಶ್ಚರ್ಯ. ನೀರು ಸುಲಭದ ದಾರಿ ಹುಡುಕಿ ಆ ಸೀಳುಗಳಲ್ಲೇ ಇಳಿಯುತ್ತದೆ, ಅಲ್ಲೇ ಕರಗಿಸುತ್ತದೆ, ಮೇಲೆ ಕುಳಿಗಳು ಸಾಲಾಗಿ ಬೀಳುತ್ತವೆ. ಸೀಳು ಎಂದೋ ಸತ್ತಿದೆ, ನೀರು ಇಂದಿಗೂ ಅದರಲ್ಲಿ ಓಡಾಡುತ್ತಿದೆ. ಮೃತಸಮುದ್ರದ ದಂಡೆಯನ್ನು ನೋಡಿ. ಅಲ್ಲಿ ನಿಜವಾಗಿಯೂ ಜೀವಂತ ಸ್ತರಭಂಗವಿದೆ. ನೀರಿನ ಮಟ್ಟ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದ್ದು, 1980ರ ದಶಕದಿಂದೀಚೆಗೆ ಸಾವಿರಾರು ಕುಳಿಗಳು ಬಿದ್ದಿವೆ, ಅವೂ ಸಾಲುಸಾಲಾಗಿ. ಅಲ್ಲಿಯೂ ಕುಳಿಗಳನ್ನು ಬೀಳಿಸುತ್ತಿರುವುದು ಸಿಹಿನೀರು ಹೊಕ್ಕು ಕರಗಿಸುತ್ತಿರುವ ಉಪ್ಪಿನ ಪದರ. ಸಾಲು ನೀರಿನ ದಾರಿಯನ್ನು ತೋರಿಸುತ್ತದೆ. ಸ್ತರಭಂಗಕ್ಕೆ ಜೀವವಿದೆಯೋ ಇಲ್ಲವೋ ಎಂಬುದನ್ನು ಬೇರೆ ಕಡೆ, ಸುಣ್ಣಕಲ್ಲು ಇಲ್ಲದ ಶಿಲೆಯ ಮೇಲೆ ಕೂತ ಮಣ್ಣಿನಲ್ಲಿ ಹುಡುಕಬೇಕು. ಬೋರಿನವರು ಹೇಳಿದ ಹಾಳೆಗಲ್ಲಿನ ಮೇಲೆ ಇದೇ ಗೆರೆ ಮುಂದುವರಿದು ಮೆಕ್ಕಲನ್ನು ಮುರಿದಿದ್ದರೆ ನಾನು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೊಳೆಯೋ ದಿಬ್ಬವೋ ಗೆರೆಯ ಆಚೆಗೆ ಅಡ್ಡಕ್ಕೆ ಸರಿದಿದ್ದರಂತೂ ಮಾತೇ ಬೇಡ. ಕುಸಿತಕ್ಕೆ ಕೆಳಗೆ ಎಳೆಯಲು ಗೊತ್ತು, ನೆಲವನ್ನು ಗೆರೆಯುದ್ದಕ್ಕೂ ಪಕ್ಕಕ್ಕೆ ಸರಿಸಲು ಗೊತ್ತಿಲ್ಲ.

ರಸ್ತೆ ಇಂಜಿನಿಯರ್, ಅಂಕೋಲಾ (ಗುರುವಾರ, ಮಧ್ಯಾಹ್ನ 1.30)

ಒಪ್ಪಿದೆ ಸರ್. ಆದರೆ ಒರತೆ ಕೆಂಪಾಗುತ್ತದೆ ಎಂದರೆ ಮಣ್ಣು ಹೋಗುತ್ತಿದೆ ಎಂದಲ್ಲವೇ? ಅದು ನಾನು ಹೇಳಿದ್ದಕ್ಕೇ ಹತ್ತಿರ.

ಕಲ್ಲು ಓದುವವನು (ಗುರುವಾರ, ಮಧ್ಯಾಹ್ನ 3.00)

ಹೌದು, ನಿಮ್ಮ ಮಾತು ಅರ್ಧಕ್ಕಿಂತ ಹೆಚ್ಚು ಸರಿ. ಒಂದು ಲೀಟರ್ ನೀರು ಎರಡು ಗ್ರಾಮಿಗಿಂತ ಹೆಚ್ಚು ಜಿಪ್ಸಮ್ಮನ್ನು ಕರಗಿಸಬಲ್ಲದು. ಸುಣ್ಣಕಲ್ಲನ್ನಾದರೆ, ಕೊಳೆತ ಎಲೆಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ನೀರು ಕೂಡ ಕೆಲವು ನೂರು ಮಿಲಿಗ್ರಾಮಿನಷ್ಟು ಮಾತ್ರ. ಸರಗೋಸಾದಲ್ಲಿ ಒಬ್ಬರ ಆಯುಷ್ಯದಲ್ಲಿ ಕಲ್ಲೇ ಕರಗಿ ಹೊಸ ಪೊಳ್ಳಾಗುತ್ತದೆ. ನಮ್ಮಲ್ಲಿ ಪೊಳ್ಳುಗಳು ಆಗಿ ಎಷ್ಟೋ ಸಾವಿರ ವರ್ಷವಾಗಿದೆ, ಇಂದು ನಡೆಯುತ್ತಿರುವುದು ಮೇಲಿನ ಮಣ್ಣು ಆ ಪೊಳ್ಳಿನೊಳಗೆ ಸೋರುವ ಕೆಲಸ. ಮಣ್ಣಿನ ಸುರಂಗವೂ ಇದೆ, ಸುಣ್ಣಕಲ್ಲಿನ ಪೊಳ್ಳೂ ಇದೆ, ಒಂದರ ಬಾಯಿಗೆ ಇನ್ನೊಂದು.

ಆದ್ದರಿಂದ ತೋಟದವರೇ, ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ವಾಟ್ಸಾಪಿನ ಮಾತು ನಂಬಿದ್ದರೆ ನೀವು ಭೂಕಂಪಕ್ಕೆ ಹೆದರಿ, ಹೊಂಡಕ್ಕೆ ನೀರು ತುಂಬಿಸಿ ಸುಮ್ಮನಾಗುತ್ತಿದ್ದಿರಿ. ಅಪಾಯ ಇರುವುದೇ ಆ ಹೊಂಡದಲ್ಲಿ. ನೀರು ತುಂಬಿಸಿದರೆ ಅದರ ಭಾರ ಒಂದು ಕಡೆ, ತಳದಿಂದ ಇಂಗುವ ನೀರು ಮಣ್ಣನ್ನು ಪೊಳ್ಳಿಗೆ ಎಳೆದುಕೊಂಡು ಹೋಗುವುದು ಇನ್ನೊಂದು ಕಡೆ. ಒಂದು ಮಳೆಗಾಲದಲ್ಲಿ ಹೊಂಡ ರಾತ್ರೋರಾತ್ರಿ ಬರಿದಾಗಬಹುದು, ಸುತ್ತಲಿನ ಅಡಿಕೆ ಮರಗಳನ್ನೂ ಕರೆದುಕೊಂಡು ಹೋಗಬಹುದು. ಹೊಂಡವನ್ನು ಈ ಜಾಗದಲ್ಲಿ ಮಾಡಬೇಡಿ. ತಳಕ್ಕೆ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಮರಳು, ಎಲ್ಲಕ್ಕಿಂತ ಮೇಲೆ ಜಿಗುಟು ಮಣ್ಣು ಬಡಿದು ಮುಚ್ಚಿ. ಮೇಲಿನಿಂದ ಬರುವ ಮಳೆನೀರನ್ನು ಕಾಲುವೆ ತೆಗೆದು ಬೇರೆ ಕಡೆಗೆ ತಿರುಗಿಸಿ. ಹೊಸ ಹೊಂಡ ಹಾಳೆಗಲ್ಲಿನ ಕಡೆಗೆ, ತಳಕ್ಕೆ ಪ್ಲಾಸ್ಟಿಕ್ ಹಾಸು ಹಾಕಿ.

ಮನೆಯ ತಳಕ್ಕೆ ಮೊದಲು ನೆಲದ ವಿದ್ಯುತ್ ರೋಧದ ಸಮೀಕ್ಷೆ ಮಾಡಿಸಲೇಬೇಕು. ಪೊಳ್ಳು, ಒದ್ದೆ ಜೇಡಿ, ಗಟ್ಟಿ ಕಲ್ಲು ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ.

ಎಂ.ಎಸ್ಸಿ. ಎರಡನೇ ವರ್ಷ, ಕಾರವಾರ (ಗುರುವಾರ, ರಾತ್ರಿ 9.40)

ಒಂದು ಕೊನೆಯ ಪ್ರಶ್ನೆ. ಕಪ್ಪು ಜೇಡಿಯ ಕೆಳಗೆ ಮರಳಿನ ತೆಳು ಪದರವೊಂದು ಸುರುಳಿ ಸುತ್ತಿಕೊಂಡಿದೆ. ನೆಲ ನಡುಗಿದಾಗ ಒದ್ದೆ ಮರಳು ದ್ರವದಂತಾಗಿ ಹೀಗೆ ಆಗುತ್ತದೆ ಎಂದು ಓದಿದ್ದೇನೆ.

ಕಲ್ಲು ಓದುವವನು (ಶುಕ್ರವಾರ, ಬೆಳಿಗ್ಗೆ 6.50)

ಆಗುತ್ತದೆ. 2001ರ ಭುಜ್ ಭೂಕಂಪ ಅದಕ್ಕೆ ದೊಡ್ಡ ಸಾಕ್ಷಿ. 7.7ರ ತೀವ್ರತೆ ಇದ್ದರೂ ಮುಖ್ಯ ಸ್ತರಭಂಗ ನೆಲದ ಮೇಲಿನವರೆಗೆ ಸೀಳಲಿಲ್ಲ, ಆದರೆ ಕಚ್ಛದ ರಣ್‌ನ ವಿಶಾಲ ಬಯಲಿನಲ್ಲೆಲ್ಲ ಮರಳು ನೀರಿನೊಂದಿಗೆ ಚಿಮ್ಮಿತು. ಆ ವ್ಯಾಪ್ತಿಯೇ ಗುರುತು. ಭೂಕಂಪದ ಸುರುಳಿಯಾದರೆ ಇದೇ ವಯಸ್ಸಿನ ಪದರದಲ್ಲಿ ಅಘನಾಶಿನಿಯ ಕಣಿವೆಯುದ್ದಕ್ಕೂ ಸಿಗಬೇಕು. ಉಂಗುರದ ಒಳಗೆ ಮಾತ್ರ ಸಿಕ್ಕರೆ, ಕುಸಿದ ಜಾಗದ ಒದ್ದೆ ಮರಳು ಮೇಲಿನ ಜೇಡಿಯ ಭಾರಕ್ಕೆ ನುಲಿದದ್ದು. ಕೆಳಗಿನ ಹಳ್ಳದ ದಂಡೆಗಳಲ್ಲಿ ಈ ಬೇಸಿಗೆ ನೀವೇ ಹುಡುಕಬಾರದೇಕೆ? ಸಿಗಲಿಲ್ಲ ಎನ್ನುವುದೂ ಫಲಿತಾಂಶವೇ, ಎಲ್ಲೆಲ್ಲಿ ನೋಡಿದಿರಿ ಎಂದು ನಕ್ಷೆಯಲ್ಲಿ ಗುರುತು ಹಾಕಿ.

ತೋಟದವರೇ, ಹೊಂಡ ಮುಚ್ಚುವ ಮೊದಲು ಇದ್ದಿಲ ಗೆರೆಯಿಂದ ಹತ್ತಾರು ಚೂರುಗಳನ್ನು ಚಿಮಟದಲ್ಲಿ ಎತ್ತಿ. ಕೈಯಲ್ಲಿ ಮುಟ್ಟಬೇಡಿ, ಕಾಗದದಲ್ಲಿ ಸುತ್ತಬೇಡಿ, ಹತ್ತಿಯಲ್ಲಿ ಇಡಬೇಡಿ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಯಾವ ಗೋಡೆ, ಎಷ್ಟು ಆಳ ಎಂದು ಹೊರಗೆ ಬರೆಯಿರಿ. ಇಂಗಾಲದ ವಯಸ್ಸು ತೆಗೆಸಿದರೆ ನೆಲ ಕೊನೆಯ ಸಲ ಇಳಿದದ್ದು ಯಾವಾಗಿನಿಂದೀಚೆಗೆ ಎಂದು ತಿಳಿಯುತ್ತದೆ. ಮುಚ್ಚಿದ ಮೇಲೆ ಉಂಗುರದ ಒಳಗೆ ನಾಲ್ಕು, ಹೊರಗೆ ನಾಲ್ಕು ಗೂಟ ಹುಗಿದು ವಾರಕ್ಕೊಮ್ಮೆ ಕೊಳವೆಯಲ್ಲಿ ಮಟ್ಟ ನೋಡಿ.

ತೋಟದ ಮೂಲೆ (ಏಳು ವಾರಗಳ ನಂತರ, ಭಾನುವಾರ, ಸಂಜೆ 6.15)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಳೆ ಹಿಡಿಯುವ ಮೊದಲೇ ಹೇಳಿದ ಕ್ರಮದಲ್ಲಿ ಹೊಂಡ ಮುಚ್ಚಿಸಿ, ಮೇಲಿನ ನೀರನ್ನು ಅಗಳ ತೆಗೆದು ಪಶ್ಚಿಮಕ್ಕೆ ತಿರುಗಿಸಿದೆವು. ಗೂಟಗಳ ತಲೆಗೆ ಮೊಳೆ ಹೊಡೆದು, ಮನೆಯ ಹಿಂದಿನ ಹಾಸುಗಲ್ಲಿನಿಂದ ಮಟ್ಟ ನೋಡುತ್ತಿದ್ದೇವೆ. ಹೊರಗಿನ ನಾಲ್ಕರಲ್ಲಿ ವ್ಯತ್ಯಾಸವಿಲ್ಲ. ಒಳಗಿನ ಮೂರು, ಹೊಸ ಮಣ್ಣು ಕೂತದ್ದಕ್ಕೋ ಏನೋ, ಎರಡೆರಡು ಮಿಲಿಮೀಟರ್ ಇಳಿದು ನಿಂತವು. ಉಂಗುರದ ನಡುಭಾಗಕ್ಕೆ ಹತ್ತಿರದ ಏಳನೇ ಗೂಟ ಮಾತ್ರ ಕಳೆದ ಮೂರು ವಾರಗಳಲ್ಲಿ ಒಂದೊಂದು ಮಿಲಿಮೀಟರಿನಂತೆ ಇಳಿಯುತ್ತಿದೆ. ಒರತೆ ಈ ಸಲದ ಮೊದಲ ಜೋರು ಮಳೆಗೆ ಕೆಂಪಾಯಿತು, ಅಗಳ ಪೂರ್ತಿಯಾದ ಮೇಲೆ ಕೆಂಪಾಗಿಲ್ಲ. ಮನೆಯ ತಳವನ್ನು ಸಮೀಕ್ಷೆ ಆಗುವವರೆಗೆ ನಿಲ್ಲಿಸಿದ್ದೇವೆ.

ಕಾರವಾರದ ತಂಗಿ ಎರಡು ದಿನ ನಮ್ಮಲ್ಲೇ ಉಳಿದು ಹಳ್ಳದ ದಂಡೆಯ ಹನ್ನೊಂದು ಕಡೆ ಮಣ್ಣು ಕೆರೆದು ನೋಡಿದರು. ಸುರುಳಿ ಮರಳು ಎಲ್ಲೂ ಸಿಗಲಿಲ್ಲ. ಹನ್ನೊಂದನ್ನೂ ನಕ್ಷೆಯಲ್ಲಿ ಗುರುತಿಸಿದ್ದಾರೆ.

ಇದ್ದಿಲ ಚೂರು ಹದಿನಾಲ್ಕು ಸಿಕ್ಕವು. ಹಾಳೆಯಲ್ಲಿ ಸುತ್ತಿ ಆಯಿ ಅವನ್ನು ಅಟ್ಟದ ಮೇಲಿನ ಸ್ಟೀಲ್ ಡಬ್ಬಿಯಲ್ಲಿ, ಹಳೆಯ ಜಾತಕಗಳ ಪಕ್ಕದಲ್ಲಿ ಇಟ್ಟಿದ್ದಾರೆ. ಎಲ್ಲಿಗೆ ಕಳುಹಿಸಬೇಕು ಎಂದು ಹೇಳಿದರೆ ನಾಳೆಯೇ ಸಿರ್ಸಿಗೆ ಹೋಗಿ ಅಂಚೆಗೆ ಹಾಕುತ್ತೇನೆ.